ವೈನಿಯ ಹಗೇವು

ವೈನಿ ತೀರಿಕೊಂಡ ಮೇಲೆ ಹೌನ್ಸ್‌ಲೋದ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದೆವು. ಒಬ್ಬರು ವೈನಿ ಕಟ್ಟಿಕೊಡುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿ ನೆನೆಸಿಕೊಂಡರು. ಇನ್ನೊಬ್ಬರು ತಮ್ಮ ಹೆಂಡತಿಯ ಸಿಸೇರಿಯನ್ ದಿನದ ಕಥೆ ಹೇಳಿದರು. ಆಪರೇಷನ್ ಥಿಯೇಟರಿನಲ್ಲಿ ಮಾಸ್ಕ್ ಕಟ್ಟಿಕೊಂಡಿದ್ದ ಡಾಕ್ಟರೊಬ್ಬರು ಇದ್ದಕ್ಕಿದ್ದ ಹಾಗೆ "ಅಂಜಬ್ಯಾಡವಾ, ನಾ ಇದ್ದೀನಿ" ಅಂದರಂತೆ. ಊರು ಬಿಟ್ಟು ಇಷ್ಟು ದೂರ ಬಂದು ಮಲಗಿದ್ದ ಹೆಂಡತಿ ವೈನಿಯ ಆ ಒಂದು ಮಾತಿಗೆ ಅತ್ತೇಬಿಟ್ಟರಂತೆ. ಎಲ್ಲವೂ ನಿಜ. ಆದರೆ ವೈನಿಯ ಕಡೆಯ ವರ್ಷಗಳು ಯಾವುದರಲ್ಲಿ ಕಳೆದುಹೋದವು ಅನ್ನುವುದನ್ನು ಯಾರೂ ಎತ್ತಲಿಲ್ಲ. ಅವರ ಮಗ ಸಭೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಅಂತಲೂ ಯಾರೂ ಕೇಳಲಿಲ್ಲ.

ನಾನು ಅವರ ಪಕ್ಕದ ಮನೆಯವಳು. ಐಸಲ್‌ವರ್ತ್‌ನ ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಭಾನುವಾರ ಬೆಳಿಗ್ಗೆ ಅವರು ರೊಟ್ಟಿ ಬಡಿಯುವ ಸದ್ದಿಗೆ ನಮ್ಮ ಅಡುಗೆಮನೆಯ ಲೋಟಗಳು ಅಲುಗುತ್ತಿದ್ದವು. ನಾನು ಮೈಸೂರಿನವಳು, ಪಾರ್ಕ್ ರಾಯಲ್‌ನ ಒಂದು ತಿಂಡಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವ ಕೆಲಸ ಮಾಡುತ್ತೇನೆ. ರೊಟ್ಟಿ ಬಡಿಯುವುದು ನನಗೆ ಈ ವಯಸ್ಸಿಗೂ ಬಂದಿಲ್ಲ. ಅವರು ಕಲಿಸಲು ನೋಡಿದರು. ಕೊನೆಗೆ, "ನೀ ತಿನ್ನಲಿಕ್ಕ ಹುಟ್ಟೀದಿ, ಬಿಡು," ಅಂದರು.

ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವರ ಗಂಡನ ಧಾರವಾಡದ ಗೆಳೆಯರು ವೈನಿ ಅನ್ನುತ್ತಿದ್ದರು, ನಮ್ಮ ಕಡೆ ಅತ್ತಿಗೆ ಅಂದ ಹಾಗೆ. ಗಂಡ ಬೇಗ ಹೋಗಿಬಿಟ್ಟರು, ವೈನಿ ಅನ್ನುವುದು ಉಳಿಯಿತು. ಮೈಸೂರಿನವರು, ಮಂಗಳೂರಿನವರು, ಬೆಂಗಳೂರಿನಿಂದ ಹೊಸದಾಗಿ ಬಂದ ಐಟಿ ಹುಡುಗಿಯರು, ಎಲ್ಲರಿಗೂ ಅವರು ವೈನಿಯೇ. ಕುಳ್ಳಗಿನ ಹೆಂಗಸು. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರು, ಕಾಲಿಗೆ ಆಸ್ಪತ್ರೆಯ ರಬ್ಬರ್ ಚಪ್ಪಲಿ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಾವು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. ಮೊದಮೊದಲು ನನಗೆ ಒಂಥರಾ ಮುಜುಗರ ಆಗುತ್ತಿತ್ತು.

"ತಪ್ಪ ತಿಳೀಬ್ಯಾಡ," ಅಂದಿದ್ದರು ಒಂದು ಸಲ. "ಚಟಾ ಅದು. ಉಸಿರು ನೋಡ್ತೀನಿ."

ಇನ್ನೊಂದು ಮಾತನ್ನು ಹೊಸಬರಿಗೆಲ್ಲ ಹೇಳುತ್ತಿದ್ದರು: "ಮಲಗಸೂದು ಯಾರಿಗೂ ಬರ್ತದ. ಹೊಳ್ಳಿ ಎಬ್ಬಸೂದಕ್ಕ ನನಗ ಪಗಾರ ಕೊಡ್ತಾರ." ಹೇಳಿ, ತಾವೇ ಮೊದಲು ನಗುತ್ತಿದ್ದರು.

ಅವರಿಗೆ ಒಬ್ಬನೇ ಮಗ. ಅನಿರುದ್ಧ, ಅನಿ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಡಾಕ್ಟರ ಮಗ ಡಾಕ್ಟರಾಗಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು, ನೆಲದಡಿ ಓಡುವ ಟ್ಯೂಬ್ ರೈಲಿನ ಡ್ರೈವರ್ ಆದ. ಕನ್ನಡದವರು ಸೇರಿದಲ್ಲಿ ಯಾರಾದರೂ ಮಗನ ಸುದ್ದಿ ಕೇಳಿದರೆ ವೈನಿ, "ಟ್ರಾನ್ಸ್‌ಪೋರ್ಟ್ ಲೈನಿನಾಗ ಇದ್ದಾನ," ಎಂದು ಮಾತು ಮುಗಿಸುತ್ತಿದ್ದರು. ಒಂದು ಯುಗಾದಿಯ ದಿನ ಅವನು ಅಮ್ಮನನ್ನು ಕರೆದುಕೊಂಡು ಹೋಗಲು ಯೂನಿಫಾರಂನಲ್ಲೇ ಬಂದ. ಯಾರೋ ಕೇಳಿದ್ದಕ್ಕೆ ಖುಷಿಯಿಂದ, "ಐ ಡ್ರೈವ್ ದ ಟ್ಯೂಬ್," ಅಂದ. ವೈನಿ ಪಾಯಸದ ಪಾತ್ರೆಯೊಳಗೆ ಏನೋ ಕಳೆದುಕೊಂಡವರಂತೆ ಸೌಟು ಆಡಿಸುತ್ತಾ ನಿಂತರು.

ಆದರೆ ನನ್ನೊಬ್ಬಳ ಹತ್ತಿರ ಇದನ್ನೂ ಹೇಳಿದ್ದರು: "ರಜಾ ಇದ್ದಾಗ ಒಮ್ಮೊಮ್ಮೆ ಸುಮ್ನ ಹೋಗಿ ಅವನ ಗಾಡ್ಯಾಗ ಕುಂದ್ರತೀನಿ. ಅವಗ ಗೊತ್ತಿಲ್ಲ. ಎಷ್ಟ ನಾಜೂಕಾಗಿ ನಿಂದರಸ್ತಾನ ಗೊತ್ತೇನು? ಮುದುಕರು ನಿಂತಿದ್ರೂ ಒಂದು ಹೆಜ್ಜಿ ಅತ್ತಾಗ ಇತ್ತಾಗ ಸರಿಯೂದಿಲ್ಲ."

ಒಂದು ನವೆಂಬರ್ ಬೆಳಿಗ್ಗೆ, ಜನ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ಅನಿಯ ರೈಲು ಸ್ಟೇಷನ್ನಿಗೆ ಬರುತ್ತಿರುವಾಗ ಒಬ್ಬ ಹೆಂಗಸು ಪ್ಲಾಟ್‌ಫಾರ್ಮಿನಿಂದ ಹಳಿಗೆ ಹಾರಿದಳು. ಅವನು ಬ್ರೇಕ್ ಹಾಕಿದ. ಅವನ ಕೈಯಲ್ಲಿ ಇದ್ದದ್ದು ಅದೊಂದೇ. ಅವನ ತಪ್ಪಲ್ಲ ಎಂದು ಎಲ್ಲರೂ ಹೇಳಿದರು. ಮೇಲಧಿಕಾರಿ ಹೇಳಿದರು, ಪೊಲೀಸರು ಹೇಳಿದರು, ಸತ್ತವಳ ಅಣ್ಣ ಮನೆಗೇ ಬಂದು ಕೈ ಹಿಡಿದು ಹೇಳಿ ಹೋದ. ಅನಿ ಎಲ್ಲರಿಗೂ "ಥ್ಯಾಂಕ್ ಯು" ಅಂದ. ರಜೆ ಕೊಟ್ಟರು, ಮಾತ್ರೆ ಕೊಟ್ಟರು, ಮಾತಾಡಿ ಸಮಾಧಾನ ಮಾಡುವವರನ್ನು ಗೊತ್ತು ಮಾಡಿದರು. ಅವನು ಎರಡು ಸಲ ಹೋಗಿ ಆಮೇಲೆ ನಿಲ್ಲಿಸಿಬಿಟ್ಟ.

ನಮ್ಮ ಬೀದಿಯ ನೆತ್ತಿಯ ಮೇಲೆ ಹೀಥ್ರೋಗೆ ಇಳಿಯುವ ವಿಮಾನಗಳು ಚಕ್ರ ಬಿಚ್ಚಿಕೊಂಡು ಒಂದರ ಹಿಂದೊಂದು ಹೋಗುತ್ತವೆ. ನಾವು ಇಲ್ಲಿಯವರು ಮಾತು ಅಲ್ಲಿಗೇ ನಿಲ್ಲಿಸಿ, ವಿಮಾನ ಹೋದ ಮೇಲೆ ಮುಂದುವರಿಸುತ್ತೇವೆ, ಅಷ್ಟೆ. ಅನಿಗೆ ಹಾಗಾಗಲಿಲ್ಲ. ಆ ಸದ್ದು ಹತ್ತಿರ ಬರುತ್ತಾ ಬರುತ್ತಾ ಕೀರಲಾಗುವುದು ಅವನಿಗೆ ಬ್ರೇಕಿನ ಸದ್ದಿನ ಹಾಗೆ ಕೇಳತೊಡಗಿತು. ಕಿವಿಗೆ ಹತ್ತಿ ಇಟ್ಟ, ಹೆಡ್‌ಫೋನ್ ಹಾಕಿದ, ದಿಂಬು ಒತ್ತಿಕೊಂಡ. ಊಟದ ತಟ್ಟೆಯ ಮುಂದೆ ಕುಳಿತವನು ಕೈ ಮುಷ್ಟಿ ಮಾಡಿ ಮುಂದಕ್ಕೆ ನೂಕುತ್ತಿದ್ದನಂತೆ, ರೈಲು ನಿಲ್ಲಿಸುವವನ ಹಾಗೆ. ಒಂದು ದಿನ ಸೂಟ್‌ಕೇಸ್ ತರಲು ನೆಲಮಾಳಿಗೆಗೆ ಇಳಿದವನು ಮೇಲೆ ಬರಲಿಲ್ಲ. ವೈನಿ ಕೆಳಗೆ ಹೋಗಿ ನೋಡಿದರೆ ಅಲ್ಲಿ ಎತ್ತಿಟ್ಟಿದ್ದ ಗಣಪತಿ ಮಂಟಪದ ಥರ್ಮೋಕೋಲಿಗೆ ಒರಗಿ ನಿದ್ದೆ ಮಾಡುತ್ತಿದ್ದ. ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ. ಎಚ್ಚರವಾದ ಮೇಲೆ, "ಇಟ್ಸ್ ಕ್ವಯಟ್ ಹಿಯರ್, ಅಮ್ಮ," ಅಂದ.

ಈ ಬೀದಿಯ ಮನೆಗಳಿಗೆಲ್ಲ ಇಂಥ ಒಂದು ನೆಲಮಾಳಿಗೆ ಇದೆ, ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಸುರಿಯಲು ಮಾಡಿದ್ದು. ನಮ್ಮದರಲ್ಲಿ ನಾವು ಈರುಳ್ಳಿಯನ್ನೂ ಇಡುವುದಿಲ್ಲ, ಕೊಳೆಯುತ್ತದೆ. ಥೇಮ್ಸ್ ಇಲ್ಲಿಂದ ಕೂಗಳತೆಯಲ್ಲಿದೆ, ಮಣ್ಣು ಯಾವಾಗಲೂ ನೀರು ಕುಡಿದೇ ಇರುತ್ತದೆ. ಇಟ್ಟಿಗೆ ಗೋಡೆ ಕೈಗೆ ತಣ್ಣಗೆ ಅಂಟುತ್ತದೆ. ಬೀದಿಯ ಮಟ್ಟದಲ್ಲಿ ಒಂದು ಕಬ್ಬಿಣದ ಜಾಲರಿ, ಅದರಿಂದ ಬಂದಷ್ಟೇ ಗಾಳಿ, ಅಷ್ಟೇ ಬೆಳಕು. ವೈನಿ ಅದನ್ನು ಹಗೇವು ಅನ್ನುತ್ತಿದ್ದರು. ಅವರ ಅಜ್ಜನ ಮನೆಯ ಅಂಗಳದಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕಣಜ ಇತ್ತಂತೆ, ಅದರ ಹೆಸರು.

ಅನಿ ಅಲ್ಲಿ ಹಾಸಿಗೆ ಹಾಕಿದ. ಊಟಕ್ಕೂ ಬರಲಿಲ್ಲ. ಬಚ್ಚಲಿಗೆ ಬಂದರೂ ಎರಡು ವಿಮಾನಗಳ ನಡುವೆ ಓಡಿ ಬಂದು ಓಡಿ ಹೋಗುತ್ತಿದ್ದ.

ಸುದ್ದಿ ಗೊತ್ತಾದ ಕೆಲವರು ಬುದ್ಧಿ ಹೇಳಿದರು. ಅವರ ಪೈಕಿ ಒಬ್ಬರು ಮನಸ್ಸಿನ ಡಾಕ್ಟರು. "ಅಲ್ಲಿ ಸೌಕರ್ಯ ಮಾಡಿಕೊಡಬೇಡಿ. ಕರೆಂಟ್ ತೆಗೆದುಬಿಡಿ. ಚಳಿ ತಡೆಯೋಕಾಗದೆ ತಾನೇ ಮೇಲೆ ಬರ್ತಾನೆ," ಅಂದರು. ವೈನಿ ಅವರಿಗೆ ಚಹಾ ಕೊಟ್ಟು ಕಳಿಸಿದರು. ಬಾಗಿಲು ಹಾಕಿ ಬಂದು ನನ್ನ ಎದುರು ಕುಳಿತರು.

"ನೀ ಏನಂತಿ?"

"ನನಗೆ ಗೊತ್ತಾಗಲ್ಲ ವೈನಿ. ಅವರು ಹೇಳೋದರಲ್ಲೂ ಏನೋ ಇರಬಹುದು."

"ಇರಬಹುದು. ಚಳಿಗೆ ಬರದಿದ್ರ? ಚಳ್ಯಾಗ ಮಲಕೊಂಡಾನ, ಬಂದಿಲ್ಲ. ಮ್ಯಾಲೆ ಬಾ ಅಂತ ಇನ್ನ ಅನ್ನೂದಿಲ್ಲ. ಅವ ಎಲ್ಲಿ ಇರ್ತಾನೋ ಅಲ್ಲೇ ಬೆಚ್ಚಗ ಮಾಡ್ತೀನಿ." ಖಾಲಿ ಕಪ್ ಎತ್ತಿಕೊಳ್ಳುತ್ತಾ ಹೇಳಿದರು: "ಹಗೇವಿಗೆ ಸುತ್ತ ಒಣಾ ಹುಲ್ಲು ಕಟ್ಟತಿದ್ರು. ಮಣ್ಣಿನ ತಂಪು ಕಾಳಿಗೆ ಹತ್ತತಿರ್ಲಿಲ್ಲ. ಜ್ವಾಳಕ್ಕ ಮಾಡೂದು ಮಗಗ ಮಾಡಬಾರ್ದೇನು?"

ಆತುರ ಇತ್ತು, ಇನ್ನೊಂದು ಚಳಿಗಾಲ ಬರುತ್ತಿತ್ತು. ಒಬ್ಬ ಬಿಲ್ಡರ್ ಸಿಕ್ಕಿದ. ಬೆಳ್ಳಿ ಕಾಗದ ಅಂಟಿಸಿದ ದಪ್ಪ ಫೋಮ್ ಹಲಗೆಗಳನ್ನು ಒದ್ದೆ ಇಟ್ಟಿಗೆಯ ಮೇಲೇ ಅಂಟಿಸಿದ, ಅದರ ಮೇಲೆ ಪ್ಲಾಸ್ಟರ್ ಹಲಗೆ ಹೊಡೆದ, ಬಿಳಿ ಬಣ್ಣ ಬಳಿದ. ನೆಲಕ್ಕೆ ಕಾರ್ಪೆಟ್ ಬಂತು, ಮೂಲೆಗೆ ಹೀಟರು. ಗಾಳಿಯ ಜಾಲರಿಯನ್ನು ಮುಚ್ಚಿಸಿದವರು ವೈನಿಯೇ. ವಿಮಾನದ ಸದ್ದು ಒಳಗೆ ಬರುತ್ತಿದ್ದದ್ದು ಅಲ್ಲಿಂದ ಮಾತ್ರ. ಕೆಲಸ ನಡೆಯುವಷ್ಟು ದಿನ ಅನಿ ಮಧ್ಯದಲ್ಲಿ ಒಂದು ಕುರ್ಚಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿರುತ್ತಿದ್ದ. ಕೆಲಸದವರು ಅವನ ಸುತ್ತ ಓಡಾಡಿ ಗೋಡೆ ಮುಗಿಸಿದರು.

ಮುಗಿದ ದಿನ ವೈನಿ ಸಜ್ಜಕದ ಹೋಳಿಗೆ ಮಾಡಿ ನನ್ನನ್ನು ಕರೆದರು. ನಾನು ಕೆಳಗೆ ಇಳಿದೆ. ಬಿಳೀ ಗೋಡೆ, ಹಳದಿ ದೀಪ, ಬೆಚ್ಚಗಿನ ಗಾಳಿ. ನಿಜಕ್ಕೂ ಒಂದು ಒಳ್ಳೆಯ ಕೋಣೆ. ಬಾಗಿಲು ಮುಚ್ಚಿದರೆ ನಮ್ಮ ಉಸಿರು ನಮಗೇ ಕೇಳುವಷ್ಟು ನಿಶ್ಶಬ್ದ. ಅನಿ ಹೋಳಿಗೆ ತಿಂದ. ಇನ್ನೊಂದು ಬೇಕೆಂದ. ವೈನಿ ತಟ್ಟೆಗೆ ಹಾಕಿ, ತುಪ್ಪ ಹಾಕಿ, ಅವನ ಎದೆ ನೋಡುತ್ತಾ ನಿಂತರು. ಮೆಟ್ಟಿಲು ಹತ್ತಿ ಬರುವಾಗ ನನ್ನ ಕೈ ಅಮುಕಿದರು. ಅವರ ಗಂಡ ಹೋದಾಗಲೂ ಅಳದ ಹೆಂಗಸು ಅವತ್ತು ಸೆರಗಿನಿಂದ ಮೂಗು ಒರೆಸಿಕೊಂಡರು.

ಫೆಬ್ರವರಿಯ ಹೊತ್ತಿಗೆ ವಾಸನೆ ಶುರುವಾಯಿತು. ನೆನೆದ ಗೋಣಿಚೀಲದ ವಾಸನೆ. ನಾನು ಎರಡು ಸಲ ಹೇಳಿದೆ. ವೈನಿ, "ಅವನ ಅರಿವಿ ಒಗದಿಲ್ಲ, ಅದಕ್ಕ," ಅಂದರು. ಕಾರ್ಪೆಟ್ಟಿನ ಅಂಚು ಕಪ್ಪಾಯಿತು. ಚಹಾ ಚೆಲ್ಲಿದೆ ಅಂದರು. ಅನಿ ಕೆಮ್ಮತೊಡಗಿದ. ಗೋಡೆಯ ಮೂಲಕ ಆ ಕೆಮ್ಮು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ತೇವ ಹೀರುವ ಯಂತ್ರ ತಂದಿಟ್ಟರು, ಅದರ ಗುಂಯ್ ಸದ್ದಿಗೆ ಅವನು ಅದನ್ನು ಆರಿಸಿಬಿಡುತ್ತಿದ್ದ. ಅವರು ಹಾಕುವುದು, ಅವನು ಆರಿಸುವುದು.

ಒಂದು ಶನಿವಾರ ಮಧ್ಯಾಹ್ನ ವೈನಿ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು. "ಬಾ ಸ್ವಲ್ಪ," ಅಂದರು, ಅಷ್ಟೇ. ಕೆಳಗೆ ಹೋದೆವು. ಬಿಳಿ ಗೋಡೆಗೆ ಚಾಕು ಹಾಕಿ ಎಳೆದರು. ಹಲಗೆ ಒದ್ದೆ ಬ್ರೆಡ್ಡಿನ ಹಾಗೆ ಕಿತ್ತು ಬಂತು. ಅದರ ಬೆನ್ನೆಲ್ಲ ಕಪ್ಪು ಬೂಸ್ಟು, ಕರಡಿ ಮೈಯಂತೆ. ಅದರ ಹಿಂದೆ ಇಟ್ಟಿಗೆಯ ಮೇಲಿಂದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಹೊರಗಿನ ಮಣ್ಣು ಕೊಡುತ್ತಿದ್ದ ನೀರು, ಒಳಗೆ ಅವನು ಬಿಡುತ್ತಿದ್ದ ಉಸಿರಿನ ತೇವ, ಎರಡಕ್ಕೂ ಹೋಗಲು ದಾರಿ ಇಲ್ಲದೆ ಹಲಗೆಯ ಹಿಂದೆ ಕೂತುಬಿಟ್ಟಿದ್ದವು.

ವೈನಿ ನೆಲದ ಮೇಲೆ ಕುಳಿತರು. "ಹಗೇವಿನ ಬಾಯಿ ತೆಗದ ಕೂಡ್ಲೆ ಯಾರೂ ಇಳೀತಿರ್ಲಿಲ್ಲ. ಗಾಳಿ ಆಡೂತನಕ ಕಾಯ್ತಿದ್ರು. ಉಸಿರು ಕಟ್ಟಿ ಸತ್ತವರದಾರ. ನಾನು ಹುಲ್ಲು ನೆನಪಿಟ್ಟೆ, ಗಾಳಿ ಮರತೆ." ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ಇತ್ತು. "ನನ್ನ ಉದ್ಯೋಗನ ಗಾಳಿ ಕೊಡೂದು. ಮಗನ ಖೋಲಿಗೆ ನಾನ ಗಾಳಿ ಬಂದ್ ಮಾಡಿದೆ."

ಅನಿ ಹಾಸಿಗೆಯಲ್ಲಿ ಮಲಗಿದ್ದ. ಅವನ ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಬರುತ್ತಿತ್ತು. ವೈನಿ ಅವನ ಪಕ್ಕೆಗೆ ಕಿವಿ ಕೊಟ್ಟು ಕೇಳಿದರು. ಎದ್ದು ನಿಂತಾಗ ಅವರ ಮುಖ ಬೇರೆಯೇ ಆಗಿತ್ತು.

"ಅನಿ, ಏಳು. ಆಸ್ಪತ್ರೆಗೆ ಹೋಗೂಣು."

"ನೋ."

"ನಿಮೋನಿಯಾ ಅದ. ಇದು ಕೇಳೂ ಮಾತಲ್ಲ. ಏಳು."

"ಐ ಕಾಂಟ್ ಗೋ ಅಪ್, ಅಮ್ಮ. ಐ ಕಾಂಟ್."

ವೈನಿ ಅವನ ತೋಳು ಹಿಡಿದು ಎಳೆದರು. ಆಳೆತ್ತರದ ಮಗ, ಎದೆಮಟ್ಟದ ತಾಯಿ. ಅವನು ಹೀಟರಿನ ಕಾಲು ಹಿಡಿದುಕೊಂಡ. ಅವರು ಎಳೆದರು, ಬೇಡಿದರು, ಬೈದರು, ಕೊನೆಗೆ ಕೈಮುಗಿದರು. "ಇಲ್ಲೇ ಸಾಯ್ತೀಯೇನೋ? ನನ್ನ ಕಣ್ಣ ಮುಂದ ಸಾಯ್ತೀಯೇನು? ಊರ ಮಂದೀನ ಎಲ್ಲಾ ಎಬ್ಬಿಸಿ ಕಳಿಸೀನಲ್ಲೋ, ನಿನ್ನ ಹ್ಯಾಂಗ ಎಬ್ಬಿಸಲಿ?" ಎಂದು ಕೂಗಿದ ಕೂಗಿಗೆ ನಮ್ಮ ಮನೆಯಿಂದ ನನ್ನ ಗಂಡ ಓಡಿ ಬಂದರು. ಫೋನ್ ಮಾಡಿದ್ದು ಅವರೇ. ಆಂಬುಲೆನ್ಸಿನವರಿಗೆ ಸೈರನ್ ಬೇಡವೆಂದು ಹೇಳಿದೆವು, ಅವರು ಹಾಗೇ ಬಂದರು. ಅನಿಗೆ ಆ ಹೊತ್ತಿಗೆ ಎದುರಾಡುವ ಶಕ್ತಿ ಇರಲಿಲ್ಲ. ಕಿವಿಯ ಮೇಲೆ ಹೆಡ್‌ಫೋನ್, ಮುಖದ ಮೇಲೆ ಆಕ್ಸಿಜನ್ ಮಾಸ್ಕ್. ಕುರ್ಚಿಗೆ ಕಟ್ಟಿ ಮೇಲೆ ಒಯ್ದರು. ವೈನಿ ಮಾಸ್ಕ್ ಒತ್ತಿ ಹಿಡಿದುಕೊಂಡು ಪಕ್ಕದಲ್ಲೇ ಹತ್ತಿದರು. ಅವರ ಒಂದು ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು.

ಅವನು ಉಳಿದ. ಇನ್ನು ಆ ಕೋಣೆಗೆ ಹೋಗಕೂಡದೆಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ಮೇಲಿನ ಬೆಡ್‌ರೂಮಿನಲ್ಲಿ ಸ್ವಲ್ಪ ದಿನ ಇದ್ದ. ನಿದ್ದೆ ಇಲ್ಲ, ಊಟ ಇಲ್ಲ, ಪ್ರತಿ ವಿಮಾನಕ್ಕೂ ಮುಷ್ಟಿ ಮುಂದಕ್ಕೆ. ಒಂದು ಬೆಳಿಗ್ಗೆ ವೈನಿ ಚಹಾ ಒಯ್ದರೆ ಹಾಸಿಗೆ ಖಾಲಿ. ಕೆಳಗೆ, ಅರ್ಧ ಕಿತ್ತ ಹಲಗೆಗಳ ನಡುವೆ, ಬರೀ ನೆಲದ ಮೇಲೆ ಮಲಗಿದ್ದ.

ವೈನಿ ಕೆಲಸ ಬಿಟ್ಟರು. ನಿವೃತ್ತಿಗೆ ಇನ್ನೂ ಸಮಯವಿತ್ತು, ಬಿಟ್ಟುಬಿಟ್ಟರು. ಈ ಸಲ ಬಿಲ್ಡರನ್ನು ಕರೆಯಲಿಲ್ಲ. ತಾವೇ ಓದಿದರು, ಸಿಕ್ಕವರನ್ನೆಲ್ಲ ಕೇಳಿದರು, ಕಂಪ್ಯೂಟರಿನಲ್ಲಿ ವಿಡಿಯೋ ನೋಡಿದರು. ಮೊದಲು ಒಣಗಬೇಕು, ಆಮೇಲೆ ಬೆಚ್ಚಗಾಗಬೇಕು ಅನ್ನುವುದು ಅವರಿಗೆ ಮನದಟ್ಟಾಗಿತ್ತು. ಹಿತ್ತಿಲ ಕಡೆ ಮಳೆನೀರಿನ ಕೊಳವೆ ಒಡೆದು ಎಷ್ಟು ವರ್ಷವಾಗಿತ್ತೋ, ಚಾವಣಿಯ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅದನ್ನು ಸರಿ ಮಾಡಿಸಿದರು. ಗೋಡೆಗೆ ತಾಗಿ ಏರಿಸಿದ್ದ ಹಿತ್ತಿಲ ಮಣ್ಣನ್ನು ತಾವೇ ಗುದ್ದಲಿ ಹಿಡಿದು ತಗ್ಗಿಸಿದರು. ಒಳಗೆ ಬೂಸ್ಟು ಹಿಡಿದ ಹಲಗೆಗಳನ್ನೆಲ್ಲ ಕಿತ್ತು, ಇಟ್ಟಿಗೆಗೆ ಹಿಂದೆ ಯಾರೋ ಬಳಿದಿದ್ದ ಸಿಮೆಂಟನ್ನು ಉಳಿ ಹಿಡಿದು ಕೆತ್ತಿದರು. ರಜಾದಿನ ನಾನೂ ಹೋಗುತ್ತಿದ್ದೆ. ಮಾಸ್ಕ್ ಕಟ್ಟಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಆ ಸಣ್ಣ ಮೈಯಿಂದ ಅಷ್ಟು ಪೆಟ್ಟು ಹೇಗೆ ಬೀಳುತ್ತಿತ್ತೋ. ಗೋಡೆ ಒಣಗಲೆಂದು ತಿಂಗಳುಗಟ್ಟಲೆ ಕಾದರು. ಆಮೇಲೆ ಸುಣ್ಣದ ಗಾರೆ. ಸುಣ್ಣ ಗೋಡೆಯ ತೇವವನ್ನು ಹಿಡಿದಿಡುವುದಿಲ್ಲ, ಹೊರಗೆ ಬಿಟ್ಟುಕೊಡುತ್ತದೆ. ಅದರ ಮುಂದೆ ನೀರು ಇಳಿದುಹೋಗಲು ಸಂದು ಬಿಟ್ಟು ಪ್ಲಾಸ್ಟಿಕ್ ಹಾಳೆ, ಇಳಿದ ನೀರು ಸೇರಲು ನೆಲದಲ್ಲಿ ಗುಂಡಿ, ಗುಂಡಿಯ ನೀರು ಹೊರಗೆ ಹಾಕಲು ಪಂಪು, ಎಲ್ಲ ಆದ ಮೇಲೆ ಗೋಡೆಗೆ ತಾಗದ ಹಾಗೆ ಮರದ ನಾರಿನ ದಪ್ಪ ಹಲಗೆಗಳು. ಇದು ಅವರ ಲೆಕ್ಕಾಚಾರ.

ಉಳಿದದ್ದು ಜಾಲರಿ. ಗಾಳಿ ಇಲ್ಲದೆ ಗೋಡೆ ಒಣಗದು. ಗಾಳಿ ಬಂದರೆ ಅದರ ಜೊತೆಗೇ ವಿಮಾನವೂ ಬರುತ್ತದೆ. ವೈನಿ ಜಾಲರಿ ತೆರೆದರು. ಅನಿ ಟವೆಲ್ ತುರುಕಿದ. ಅವರು ಕಿತ್ತರು. ಅವನು ಮತ್ತೆ ತುರುಕಿದ. ಒಬ್ಬರೊಡನೊಬ್ಬರು ಒಂದು ಮಾತೂ ಆಡದೆ ಇದು ಎಷ್ಟೋ ದಿನ ನಡೆಯಿತು. ಕೊನೆಗೆ ವೈನಿ ಒಂದು ಸ್ಟೂಲು ತಂದು ಅವನ ಪಕ್ಕ ಹಾಕಿಕೊಂಡರು. ಟವೆಲ್ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ವಿಮಾನ ದೂರದಲ್ಲಿ ಗುಡುಗಿದ ಕೂಡಲೇ ಅವನ ಬೆನ್ನ ಮೇಲೆ ಕೈ ಇಡುವರು.

"ತಗೋ... ಇನ್ನೂ ತಗೋ... ಹಿಡಿ... ಈಗ ಬಿಡು. ಸಾವಕಾಶ ಬಿಡು."

ಅನಿ ನಡುಗುತ್ತಿದ್ದ, ಬೆವರುತ್ತಿದ್ದ, ಅರ್ಧ ಗಂಟೆಗೆಲ್ಲ ಟವೆಲ್ ಕಿತ್ತುಕೊಂಡು ಮುಚ್ಚಿಬಿಡುತ್ತಿದ್ದ. ವೈನಿ ಆಗ ಬಿಟ್ಟುಕೊಡುತ್ತಿದ್ದರು. ಮರುದಿನ ಮತ್ತೆ ಸ್ಟೂಲು. ಇದರಿಂದ ಅವನಿಗೆ ಗುಣವಾಗುತ್ತಿತ್ತೋ, ಇನ್ನಷ್ಟು ಹಿಂಸೆಯಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ವೈನಿಗೂ ಗೊತ್ತಿರಲಿಲ್ಲ. "ಬ್ಯಾರೆ ಏನ ಮಾಡ್ಲಿ, ಹೇಳು," ಅನ್ನುತ್ತಿದ್ದರು.

ಸುಣ್ಣ ಕಲಸುತ್ತಿದ್ದಾಗಲೇ ಒಂದು ದಿನ, ಪಲ್ಯಕ್ಕೆ ಉಪ್ಪು ಕಮ್ಮಿಯಾಗಿದೆ ಅನ್ನುವ ದನಿಯಲ್ಲಿ ಹೇಳಿದರು: "ನನಗ ಪ್ಯಾಂಕ್ರಿಯಾಸಿನಾಗ ಕ್ಯಾನ್ಸರ್ ಗಡ್ಡಿ ಅದ. ಪಸರಿಸೇದ. ಹೊಟ್ಟಿ ನೋವಂತ ಸ್ಕ್ಯಾನ್ ಮಾಡಿಸಿದ್ದೆ."

ನನ್ನ ಕೈಯ ಕರಣೆ ಹಾಗೇ ನಿಂತಿತು. ಟ್ರೀಟ್‌ಮೆಂಟ್, ಆಪರೇಷನ್, ಏನೇನೋ ಕೇಳಿದೆ.

"ಎಲ್ಲಾ ಕೇಳೀನಿ. ನಾನೂ ಡಾಕ್ಟರ ಅಲ್ಲೇನು? ಏನೂ ಇಲ್ಲ. ನೀ ನೀರು ಹಾಕು, ಗಾರಿ ಗಟ್ಟಿ ಆಗ್ತದ." ನಾನು ಹಾಕಿದೆ. ಅವರು ಕಲಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು: "ಅವ ಮ್ಯಾಲೆ ಬರೂದು ನಾ ನೋಡೂದಿಲ್ಲ. ಅದು ನನ್ನ ಹಣೀಬಾರದಾಗ ಇಲ್ಲ. ಆದ್ರ ನಾ ಹೋದ ಮ್ಯಾಲೆ ಅವ ಹಸೀ ಗ್ವಾಡಿಗೆ ಹೊಂದಿ ಮಲಗಬಾರ್ದು. ಅಷ್ಟ ಆದ್ರ ಸಾಕು."

ಅನಿಗೂ ಅವರೇ ಹೇಳಿದರು. ಮಾರನೆಯ ದಿನ ನಾನು ಹೋದಾಗ ಗೋಡೆಯ ಮೇಲ್ಭಾಗಕ್ಕೆ, ವೈನಿಯ ಕೈ ಎಟುಕದ ಕಡೆ, ಅವನು ಸ್ಟೂಲ್ ಹತ್ತಿ ಗಾರೆ ಬಳಿಯುತ್ತಿದ್ದ.

ಗಾರೆ ಮುಗಿಯಿತು. ಗುಂಡಿ ತೋಡಿ ಆಯಿತು. ಪ್ಲಾಸ್ಟಿಕ್ ಹಾಳೆ ಸುರುಳಿಯಾಗಿ, ಪಂಪು ಡಬ್ಬಿಯಲ್ಲಿ, ಹಲಗೆಗಳು ಹಜಾರದಲ್ಲಿ ಒರಗಿಕೊಂಡು ಕಾಯುತ್ತಿದ್ದವು. ಅಷ್ಟರಲ್ಲಿ ವೈನಿಗೆ ಎದ್ದು ನಿಲ್ಲಲು ಆಗದಾಯಿತು. ಗುಣವಾಗದವರನ್ನು ನೋವಿಲ್ಲದ ಹಾಗೆ ನೋಡಿಕೊಳ್ಳುವ ಒಂದು ಹಾಸ್ಪಿಸ್‌ಗೆ ಸೇರಿಸಿದೆವು. ಅನಿ ಒಂದು ಸಲ ನೋಡಲು ಹೊರಟ. ನನ್ನ ಗಂಡ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಹತ್ತಿ ಕುಳಿತ, ಬೀದಿಯ ಕೊನೆ ದಾಟುವ ಮೊದಲೇ ಒಂದು ವಿಮಾನ ತಲೆಯ ಮೇಲೆ ಬಂತು. ಅವನು ಕಾರಿನ ಬಾಗಿಲು ತೆಗೆದು ಹಾರುವುದರಲ್ಲಿದ್ದ. ಹಿಂದಕ್ಕೆ ಕರೆತಂದರು. ವೈನಿಗೆ ಹೇಳಿದಾಗ, "ಬ್ಯಾಡ ಬಿಡವಾ. ಕಾಡಬ್ಯಾಡ್ರಿ ಅವನ್ನ," ಅಂದರು.

ಆ ವಾರ ಎಡೆಬಿಡದೆ ಮಳೆ. ಹಾಸ್ಪಿಸ್‌ನ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುವುದನ್ನೇ ನೋಡುತ್ತಾ ಮಲಗಿದ್ದ ವೈನಿ, "ಫೋನ್ ಹಚ್ಚಿ ಕೊಡು," ಅಂದರು. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗುವುದಿಲ್ಲ. ಮನೆಯ ಫೋನಿಗೆ ಹಚ್ಚಿದೆ, ಅದು ಮೇಲೆ ಹಜಾರದಲ್ಲಿದೆ. ತುಂಬಾ ಹೊತ್ತು ರಿಂಗ್ ಆಯಿತು. ಇಡಬೇಕು ಅನ್ನುವಷ್ಟರಲ್ಲಿ ಎತ್ತಿದ. ಏದುಸಿರು ಬಿಡುತ್ತಿದ್ದ. ನಾನು ಸ್ಪೀಕರಿಗೆ ಹಾಕಿ ವೈನಿಯ ದಿಂಬಿನ ಹತ್ತಿರ ಹಿಡಿದೆ.

"ಅನಿ, ಮಳಿ ಭಾಳ ಅದಲ್ಲ. ಗ್ವಾಡಿ ಹ್ಯಾಂಗದ?"

"ಡ್ರೈ, ಅಮ್ಮ."

"ಹಿತ್ತಲ ಕಡೆ ಮೂಲಿ?"

"ಡ್ರೈ. ಎವ್ರಿಥಿಂಗ್ಸ್ ಡ್ರೈ."

"ನೆಲಾ?"

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು. "ಬೋನ್ ಡ್ರೈ, ಅಮ್ಮ. ಯು ಡಿಡ್ ಇಟ್."

ವೈನಿಯ ಮುಖ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡರು. "ಉಣ್ಣು. ಫ್ರಿಜ್ಜಿನಾಗ ಸಾರು ಅದ," ಅಂದರು. ಅದು ಯಾವಾಗಲೋ ಮಾಡಿಟ್ಟ ಸಾರು, ನಾವು ಚೆಲ್ಲಿ ವಾರಗಳಾಗಿದ್ದವು. ಅವನು "ಓಕೆ, ಅಮ್ಮ," ಅಂದ.

ಮರುದಿನ ಬೆಳಿಗ್ಗೆ, ನರ್ಸ್ ಅವರ ಮಗ್ಗುಲು ಬದಲಿಸುತ್ತಿದ್ದಾಗ, ವೈನಿಯ ಉಸಿರು ನಿಂತಿತು. ನಾನು ಕೈ ಹಿಡಿದುಕೊಂಡು ಅಲ್ಲೇ ಇದ್ದೆ.

ಫೋನಿನಲ್ಲಿ ಹೇಳುವ ಸುದ್ದಿಯಲ್ಲ. ಬಸ್ಸು ಹಿಡಿದು ಬಂದೆ. ಮಳೆ ಇನ್ನೂ ಸುರಿಯುತ್ತಲೇ ಇತ್ತು. ಅವರ ಮನೆಯ ಬೆಲ್ಲು ಒತ್ತಿದೆ, ಯಾರೂ ತೆಗೆಯಲಿಲ್ಲ. ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋದೆ. ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಒಳಗೆ ಅಡುಗೆಮನೆಯ ನೆಲದ ತುಂಬ ಕೆಸರಿನ ಹೆಜ್ಜೆಗಳು. ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಕೆಳಗೆ ನೋಡಿದೆ. ಕೋಣೆಯ ತುಂಬ ಕಂದು ನೀರು, ಪಾದ ಮುಳುಗುವಷ್ಟು. ಮಣ್ಣಿನೊಳಗಿನ ನೀರು ಮೇಲೆದ್ದು ಗುಂಡಿಯಿಂದ ಉಕ್ಕಿತ್ತು. ಹಾಕದ ಪಂಪಿನ ರಟ್ಟಿನ ಡಬ್ಬಿ ನೆನೆದು ಬಿರಿದಿತ್ತು. ವೈನಿ ಬಳಿದ ಬೆಳ್ಳನೆಯ ಸುಣ್ಣದ ಗೋಡೆಗೆ ಮೊಣಕಾಲಿನವರೆಗೂ ತೇವ ಏರಿ ಕಪ್ಪಗಾಗಿತ್ತು. ಹಾಸಿಗೆ ಮೆಟ್ಟಿಲ ಮೇಲೆ. ಗುಂಡಿಯ ಬಾಯಿಗೆ ಅನಿ ಅಮ್ಮನ ಹಳೆಯ ಹತ್ತಿ ಸೀರೆಗಳನ್ನು ಒಡ್ಡು ಕಟ್ಟಿದಂತೆ ಸುತ್ತಿಟ್ಟಿದ್ದ.

ಅನಿ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದ. ಕಿವಿಯ ಮೇಲೆ ಏನೂ ಇರಲಿಲ್ಲ. ತೊಟ್ಟಿಕ್ಕುವ ಸ್ವೆಟರು, ಅಂಗೈಯಲ್ಲಿ ಬಕೆಟ್ಟಿನ ಹಿಡಿ ಕೊರೆದ ಗಾಯ. ನನ್ನನ್ನು ದಾಟಿ ಹಿತ್ತಿಲಿಗೆ ಹೋಗಿ ಮಳೆಯಲ್ಲಿ ನಿಂತು ಚರಂಡಿಗೆ ಸುರಿದ. ನಾನು ಅವನ ಹಿಂದೆಯೇ ಹೋದೆ. ಮೋಡದೊಳಗೆ ಒಂದು ವಿಮಾನ ಗುಡುಗುತ್ತಾ ಇಳಿಯಿತು. ಅವನು ಹಲ್ಲು ಕಚ್ಚಿಕೊಂಡು, ಖಾಲಿ ಬಕೆಟ್ಟುಗಳನ್ನು ಎದೆಗೊತ್ತಿಕೊಂಡು, ಅದು ಹೋಗುವವರೆಗೆ ನಿಂತಿದ್ದ.

"ಯಾವಾಗಿಂದ ಅನಿ ಇದು?"

ಮೂರು ದಿನ ಎಂಬಂತೆ ಬೆರಳು ತೋರಿಸಿದ. ಅಂದರೆ ವೈನಿ ಫೋನು ಮಾಡಿದಾಗಲೂ ನೀರು ಬರುತ್ತಲೇ ಇತ್ತು.

"ಡೋಂಟ್ ಟೆಲ್ ಅಮ್ಮ," ಅಂದ. "ಪ್ಲೀಸ್, ಆಂಟಿ. ಐ'ಲ್ ಗೆಟ್ ಇಟ್ ಡ್ರೈ. ಜಸ್ಟ್ ಡೋಂಟ್ ಟೆಲ್ ಹರ್ ಯೆಟ್."

ಮಳೆ ಮುಖದ ಮೇಲೆ ಸುರಿಯುತ್ತಿತ್ತು, ಅದನ್ನು ಒರೆಸಿಕೊಂಡೆ.

"ಅನಿ, ಬಕೆಟ್ ಇಡು," ಅಂದೆ.

ಅವನು ಇಡಲಿಲ್ಲ. ನನ್ನ ಮುಖ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ತಿರುಗಿ ಒಳಗೆ ಹೋದ, ಮೆಟ್ಟಿಲು ಇಳಿದ, ನೀರಿನಲ್ಲಿ ನಿಂತು ಬಗ್ಗಿ, ಮತ್ತೆ ಬಕೆಟ್ ತುಂಬತೊಡಗಿದ.